ಬೀಗ ಹಾಕುವಾಗಿನ ಮಾತು

ಭಾನುವಾರ ಸಂಜೆ ಶಿವಮೊಗ್ಗದಿಂದ ಭದ್ರಾವತಿಗೆ ಹೊರಟ ಬಸ್ಸು. ನನ್ನ ಮುಂದಿನ ಸೀಟಿನಲ್ಲಿದ್ದ ಇಬ್ಬರು ಹೆಂಗಸರು ತ್ಯಾವರೆಕೊಪ್ಪದ ಸಿಂಹ ಸಫಾರಿಯ ಹತ್ತಿರ ಎರಡು ದಿನದ ಮಹಿಳಾ ಧ್ಯಾನ ಶಿಬಿರ ಮುಗಿಸಿ ಬರುತ್ತಿದ್ದರು. ಶಿಬಿರದಲ್ಲಿ ಕೊಟ್ಟ ಕ್ಯಾಸೆಟ್ಟು ಇಬ್ಬರ ಕೈಯಲ್ಲೂ ಇತ್ತು. ಸೀಟು ಅಷ್ಟು ಹತ್ತಿರ, ಕೇಳಿಸಿಕೊಳ್ಳದೆ ಇರುವುದು ಹೇಗೆ?

“ಬೆಳಗಿಂದ ಮೌನ ಅಂದ್ರೆ ನಂಗೆ ತಲೆ ಕೆಟ್ಟೋಯ್ತು ನೀಲಕ್ಕ,” ಎಂದಳು ಕಿರಿಯಳು. “ನೀವು ಹೆಂಗಿದ್ರಿ ಮಾರಾಯ್ರೆ?”

“ನಂಗೇನು ಕಷ್ಟ ಆಗ್ಲಿಲ್ಲ ವಸುಧಾ. ಮನೇಲಿ ದಿನಾ ಅದೇ ಅಲ್ವಾ.”

“ಸಫಾರಿ ಸಿಂಹ ಕೂಗಿದಾಗ್ಲೂ ಯಾರೂ ಬಾಯಿ ಬಿಡ್ಲಿಲ್ಲ. ಮಾತಾಡಿದ್ದು ನೀವೊಬ್ರೇ.”

“ನಾನೆಲ್ಲಿ ಮಾತಾಡ್ದೆ?”

“ಊಟಕ್ಕೆ ಹೊರಟಾಗ ರೂಮಿಗೆ ಬೀಗ ಹಾಕ್ತಾ ‘ಬರ್ತೀನಿ’ ಅಂದ್ರಲ್ಲ. ಒಳಗೆ ಯಾರಿದ್ರು? ಎಲ್ಲರಿಗೂ ನಗು ತಡೆಯೋಕಾಗ್ಲಿಲ್ಲ.”

ನೀಲಕ್ಕ ಕ್ಯಾಸೆಟ್ಟಿನ ಡಬ್ಬಿ ತೆರೆದು ಮುಚ್ಚಿದರು.

“ಅದು ರೂಢಿ ಕಣೆ. ನಮ್ಮನೆಯವ್ರು ತೀರ್ಕೊಂಡ ಮೇಲೂ ಬಾಯಿಗೆ ಬರುತ್ತೆ. ಅಂಗಡಿಗೆ ಹೊರಟ್ರೂ ಬೀಗ ಹಾಕಿ ‘ಬರ್ತೀನಿ’ ಅಂತೀನಿ.”

“ಯಾರಿಗೆ?”

“ಮನೆಗೆ. ‘ಹೋಗ್ಬಾ’ ಅನ್ನೋರಿಲ್ಲ, ಅಷ್ಟೇ.”



ಜನ್ನಾಪುರ ಬಂತು. ನೀಲಕ್ಕ ಬ್ಯಾಗು ಹಿಡಿದು ಎದ್ದರು.

“ಬರ್ತೀನಿ ಕಣೆ.”

“ಹೋಗ್ಬನ್ನಿ ಅಕ್ಕ.”

ಮೆಟ್ಟಿಲ ಮೇಲೆ ಒಂದು ಕಾಲಿಟ್ಟವರು ಅಲ್ಲೇ ನಿಂತು ತಿರುಗಿ ನೋಡಿದರು. ಕಂಡಕ್ಟರ್ ಬೇಗ ಇಳೀರಿ ಅಂದ.

“ಬರ್ತೀನಿ,” ಎಂದರು ಮತ್ತೊಮ್ಮೆ.

“ಹೋಗ್ಬನ್ನಿ.”

ಆಮೇಲೆ ನೀಲಕ್ಕ ಇಳಿದರು.