ಕರಳ್ ಮತ್ತು ಕರುಳು

ಬೇರೆಯವರ ಕಾಯಿಲೆಯ ಮಾತು ಕೇಳಿಸಿಕೊಂಡು ಬರೆಯುವುದು ಸರಿಯೋ ತಪ್ಪೋ ಎಂದು ಎರಡು ದಿನ ಯೋಚಿಸಿದೆ. ತಪ್ಪಾಗಿದ್ದರೆ ಓದುವವರು ಮನ್ನಿಸಬೇಕು. ವಯನಾಡು ಜಿಲ್ಲೆಯಾದ ಮರುವರ್ಷ ಕಾಟ್ಟಿಕುಳಂನಲ್ಲಿ ಒಬ್ಬ ಡಾಕ್ಟರ ಜಗಲಿಯ ಮೇಲೆ ಸರದಿಗೆ ಕೂತಿದ್ದೆ. ಪಕ್ಕದಲ್ಲಿ ಒಬ್ಬ ಅಕ್ಕ, ಅವಳ ತಮ್ಮ. ತಮ್ಮನ ಕಣ್ಣು ಅರಿಸಿನದಷ್ಟು ಹಳದಿಯಾಗಿತ್ತು. ಅಕ್ಕ ಆಗಷ್ಟೇ ನರ್ಸನ್ನು ವಿಚಾರಿಸಿ ಬಂದಿದ್ದಳು.

"ಡಾಕ್ಟರು ಹೋದ ಸಲ ಏನಂದ್ರು, ರಾಘವಾ?"

"ಕರಳ್ ಕೆಟ್ಟಿದೆ ಅಂದ್ರು ಅಕ್ಕಾ. ಕರುಳು ಅಂತ ಬಂದು ನಿಂಗೆ ಹೇಳ್ದೆ."

"ಥೂ! ಮಲಯಾಳದಲ್ಲಿ ಕರಳ್ ಅಂದ್ರೆ ಲಿವರ್ ಕಣೋ. ಕರುಳಿಗೆ ಅವರು ಕುಡಲ್ ಅಂತಾರೆ."

"ಎರಡೂ ಹೊಟ್ಟೆ ಒಳಗೇ ಅಲ್ವಾ?"

"ಮೂರು ತಿಂಗಳು ನಿನ್ನ ಕರುಳಿಗೆ ಅಂತ ಮಜ್ಜಿಗೆ ಕಡೆದೆ, ಮೆಂತ್ಯ ಅರೆದೆ. ನೀನು ದಿನಾ ಸಂಜೆ ಕಳ್ಳು ಕುಡ್ದು ಬಂದೆ."

"ಕಳ್ಳು ಕರುಳಿಗೆ ತಂಪು ಅಂತ..."

"ಮಲಯಾಳ ಶಾಲೇಲಿ ಏಳು ವರ್ಷ ಬೆಂಚು ಸವೆಸಿದ ಪಂಡಿತ! ಕಳ್ಳು ಷಾಪಲ್ಲಿ ಕರಳ್ ಹುರಿದದ್ದು ಕೊಡಿ ಅಂತ ಕೇಳಿ ತಿಂತೀಯಲ್ಲ, ತಟ್ಟೆಗೆ ಏನು ಹಾಕ್ತಾರೆ? ಕರುಳಾ?"

ತಮ್ಮ ಕಾಲುಗುರು ನೋಡುತ್ತ ಕೂತ.

"ಬಾಯಿ ಬಿಡೋ, ದರಿದ್ರದವನೇ. ಗೊತ್ತಿತ್ತಾ?"

"ಮೆಲ್ಲಗೆ ಅಕ್ಕಾ, ಜನ ಕೇಳ್ತಾರೆ."

"ಕೇಳ್ಲಿ. ನಿನ್ನಂಥವನ ಅಕ್ಕ ಅಂತಾನೂ ತಿಳ್ಕೊಳ್ಲಿ."

ಅಷ್ಟರಲ್ಲಿ ನರ್ಸು ಹೆಸರು ಕೂಗಿದಳು. ಅಕ್ಕ ಅವನ ರಟ್ಟೆ ಹಿಡಿದು ಎಬ್ಬಿಸಿ ಒಳಗೆ ಕರೆದುಕೊಂಡು ಹೋದಳು. ಅವನು ನಿಜವಾಗಿಯೂ ತಪ್ಪು ತಿಳಿದಿದ್ದನೋ, ತಿಳಿದೇ ಅವಳಿಗೆ ಕರುಳು ಎಂದು ಹೇಳಿದ್ದನೋ, ನನಗೆ ಗೊತ್ತಿಲ್ಲ.