ಮೊದಲ ಕೂಗಿಗೇ ಓಗೊಟ್ಟ ಪೆಟ್ಟಿಗೆ

ಬಾಯಾರು ಪೇಟೆಯಲ್ಲಿ ಕೊನೆಯ ಬಸ್ಸಿನಿಂದ ಇಳಿದು ವಿಘ್ನೇಶ ಒಳದಾರಿ ಹಿಡಿದಾಗ ಕರೆಂಟು ಹೋಗಿತ್ತು. ಮೊಬೈಲಿನ ಬೆಳಕು ಕಾಲಿನಡಿಗೆ ಮಾತ್ರ. ಗುಡ್ಡೆಯ ಬುಡಕ್ಕೆ ಬರುವಾಗ ನೀರಿನ ಸದ್ದು ಕೇಳಿತು... ಟಪ್... ಟಪ್...

ಅದು ಸುರಂಗದ ನೀರು. ನಮ್ಮ ಕಡೆ ಬಾವಿಯನ್ನು ಕೆಳಕ್ಕೆ ತೋಡುವುದು ಮಾತ್ರವಲ್ಲ, ಗುಡ್ಡೆಯ ಹೊಟ್ಟೆಗೆ ಅಡ್ಡಕ್ಕೂ ಕೊರೆಯುತ್ತಾರೆ. ಒಬ್ಬ ಬಗ್ಗಿ ಹೋಗುವಷ್ಟು ಜಾಗ, ತುದಿಯಲ್ಲಿ ಒರತೆ. ಇದು ಬಹಳ ಹಳೆಯ ಸುರಂಗ. ಕೊರೆಯಲು ಹೋದವರಲ್ಲಿ ಒಬ್ಬ ಹೊರಗೆ ಬರಲೇ ಇಲ್ಲ ಎಂದು ಹೇಳುವವರಿದ್ದಾರೆ. ಅವನ ಹೆಸರು ಮಾತ್ರ ಯಾರಿಗೂ ಗೊತ್ತಿಲ್ಲ.

ಸುರಂಗ ದಾಟುವಷ್ಟರಲ್ಲಿ ಕೆಳಗಿನ ಮರಗೆಣಸಿನ ತೋಟದಿಂದ ಒಂದು ದನಿ... "ಕೂ..."

ಅವನ ಹೆಂಡತಿ ಶ್ರೀವಾಣಿಯ ಸ್ವರ. ವಿಘ್ನೇಶ ಹೆದರಲಿಲ್ಲ, ನಕ್ಕ. ಅದು ಅವನೇ ಮಾಡಿಟ್ಟ ಪೆಟ್ಟಿಗೆ.

ಈ ವಿಘ್ನೇಶ ಬೇರೆ ಯಾರೂ ಅಲ್ಲ, ನನ್ನ ಚಿಕ್ಕಮ್ಮನ ಮಗ. ಮನೆಯಲ್ಲೇ ಕೂತು ಎಲ್ಲಿಯದೋ ಕಂಪೆನಿಗೆ ಸಾಫ್ಟ್‌ವೇರ್ ಬರೆಯುತ್ತಾನೆ. ಅಷ್ಟಕ್ಕೇ ಬಿಟ್ಟರೆ ಚಂದ. ಆದರೆ ಅವನ ಕೈ ಸುಮ್ಮನೆ ಇರಬೇಕಲ್ಲ? ಹಾಲು ಉಕ್ಕುವ ಮೊದಲು ಬೊಬ್ಬೆ ಹೊಡೆಯುವ ಯಂತ್ರವೊಂದನ್ನು ಮಾಡಿದ್ದ. ಅದು ಬೊಬ್ಬೆ ಹೊಡೆಯುವಾಗ ಹಾಲು ಉಕ್ಕಿ ಒಲೆಯೂ ಆರಿರುತ್ತಿತ್ತು. ಆಮೇಲೆ ಬಂದದ್ದು ಈ ಹಂದಿ ಓಡಿಸುವ ಪೆಟ್ಟಿಗೆ. ಒಂದು ಮೈಕು, ಒಂದು ಸ್ಪೀಕರು, ಒಂದು ಬ್ಯಾಟರಿ. ರಾತ್ರಿ ಎಂತ ಸದ್ದಾದರೂ ಅದನ್ನು ರೆಕಾರ್ಡು ಮಾಡಿಕೊಂಡು, ಕೂಡಲೇ ಮನುಷ್ಯರ ಕೂ ಹಾಕಬೇಕು. ಹಂದಿ ಓಡಬೇಕು.

ಕೂ ಹಾಕಿಸಿದ್ದು ಶ್ರೀವಾಣಿಯಿಂದ. ಅವಳು ಊರಿನ ಮಕ್ಕಳಿಗೆ ಸಂಗೀತ ಹೇಳಿಕೊಡುವವಳು. ಮೇಲಿನ ಷಡ್ಜದಲ್ಲಿ ನಿಂತಳೆಂದರೆ ಆಚೆ ಗುಡ್ಡೆಯವರೂ ಒಮ್ಮೆ ತಲೆ ಎತ್ತುತ್ತಾರೆ. ಅವಳ ಸ್ವರವೆಂದರೆ ವಿಘ್ನೇಶನಿಗೆ ಜೀವ. ಮದುವೆಗೆ ಒಪ್ಪಿದ್ದೇ ಅದನ್ನು ಕೇಳಿ.

ಪೆಟ್ಟಿಗೆ ಚೆನ್ನಾಗಿಯೇ ಕೆಲಸ ಮಾಡಿತು. ಬೆಳಿಗ್ಗೆ ಕಿವಿಗೆ ಹೆಡ್‌ಫೋನ್ ಹಾಕಿ, ರಾತ್ರಿ ಎಂತೆಂತದು ಸಿಕ್ಕಿದೆ ಎಂದು ಕೇಳುವುದೇ ಅವನಿಗೊಂದು ಹುಚ್ಚಾಯಿತು. ಮುಳ್ಳುಹಂದಿಯ ಸರಸರ... ತೆಂಗಿನ ಮಡಲು ಬೀಳುವ ಧೊಪ್ಪ್... ಕಪ್ಪೆಯ ವಟವಟವನ್ನು ಕತ್ತರಿಸಿ ಆದಿತಾಳಕ್ಕೆ ಕೂರಿಸಿ ಹೆಂಡತಿಗೆ ಕೇಳಿಸಿದ. ಅವಳು ನಕ್ಕು ನಕ್ಕು ಸುಸ್ತಾದಳು.

ಬಸ್ಸಿಳಿದು ಬಂದ ಆ ರಾತ್ರಿಯ ಕತ್ತಲೆಯಲ್ಲಿ ಅವನು ನಗುತ್ತಾ ನಾಲ್ಕು ಹೆಜ್ಜೆ ಇಟ್ಟಿರಬೇಕು. ಹಿಂದಿನಿಂದ, ಗುಡ್ಡೆಯ ಒಳಗಿನಿಂದ, ಸಪೂರ ದನಿಯಲ್ಲಿ... "ಕೂ..." ಕೂಡಲೇ ತೋಟದಿಂದ ಪೆಟ್ಟಿಗೆ ಕೂಗಿತು. ಪ್ರತಿಧ್ವನಿ ಅಂದುಕೊಂಡ. ಆದರೂ ಕಾಲು ಬೇಗ ಬೇಗ ಬಿತ್ತು.

ಜಗಲಿಯಲ್ಲಿ ಅವನ ಅಮ್ಮ, ನನ್ನ ಚಿಕ್ಕಮ್ಮ ಅನ್ನಪೂರ್ಣೇಶ್ವರಿ, ದೀಪ ಸಣ್ಣ ಮಾಡಿ ಕೂತಿದ್ದರು. ಪಿಸುದನಿಯಲ್ಲಿ ಕೇಳಿದರು.

"ಯಾರು ಕೂ ಹಾಕಿದ್ದು?"

"ನನ್ನ ಪೆಟ್ಟಿಗೆ ಅಮ್ಮಾ."

"ಅದಕ್ಕಿಂತ ಮೊದಲು?"

"ಮೊದಲು ಎಂತದೂ ಇಲ್ಲ."

"ಉಂಟು. ನನಗೆ ಕೇಳಿತು." ದೀಪವನ್ನು ಇನ್ನಷ್ಟು ಸಣ್ಣ ಮಾಡಿದರು. "ರಾತ್ರಿ ಕರೆದರೆ ಮೂರನೇ ಸಲಕ್ಕೇ ಓಗೊಡಬೇಕು. ಮನುಷ್ಯರಲ್ಲದ್ದು ಎರಡೇ ಸಲ ಕರೆಯುವುದು. ಅದನ್ನು ನಿನ್ನ ಪೆಟ್ಟಿಗೆಗೆ ಹೇಳಿಕೊಟ್ಟಿದ್ದೀಯಾ?"

ಹೇಳಿಕೊಟ್ಟಿರಲಿಲ್ಲ. ಸದ್ದಾದರೆ ಉತ್ತರ ಕೊಡು, ಅಷ್ಟೇ ಬರೆದದ್ದು. ಅವನು ಚಪ್ಪಲಿ ಬಿಟ್ಟು ಒಳಗೆ ಹೋದ.

ಬೆಳಿಗ್ಗೆ ಹೆಡ್‌ಫೋನ್ ಹಾಕಿದ. ಟಪ್... ಟಪ್... ನೀರು. ಆಮೇಲೆ ಸುರಂಗದ ಕೂ. ಆಮೇಲೆ ಪೆಟ್ಟಿಗೆಯ ಕೂ. ಮತ್ತೊಮ್ಮೆ ಕೇಳಿದ. ಪ್ರತಿಧ್ವನಿಯಾಗಿದ್ದರೆ ಪೆಟ್ಟಿಗೆಯ ನಂತರ ಬರಬೇಕು. ಇದು ಮೊದಲೇ ಬರುತ್ತಿತ್ತು. ಹಿಂದಿನ ರಾತ್ರಿಯದ್ದು ತೆರೆದ. ಅದರ ಹಿಂದಿನದ್ದೂ. ಎಲ್ಲದರಲ್ಲೂ ಉಂಟು... ಅವನು ಹಂದಿಯ ಗುರುಗುಟ್ಟಿಗೆ ಕಿವಿ ಕೊಟ್ಟು ಇದನ್ನು ಬಿಟ್ಟಿದ್ದ, ಅಷ್ಟೇ.

ಕಂಪ್ಯೂಟರಿನವರಿಗೆ ದೆವ್ವವಾದರೂ ಮೊದಲು ತಮ್ಮ ತಪ್ಪಾಗಿಯೇ ಕಾಣುವುದು. ಪ್ರೋಗ್ರಾಮಿನಲ್ಲೇ ಎಲ್ಲೋ ಎಡವಟ್ಟಾಗಿದೆ ಅಂದ. ತಿದ್ದಿದ. ಮೈಕು ಬದಲಿಸಿದ. ಕಂಪೆನಿಯ ಕೆಲಸ ಹಿಂದೆ ಬಿತ್ತು, ಊಟ ತಣ್ಣಗಾಯಿತು. ಪೆಟ್ಟಿಗೆಯನ್ನು ಆರಿಸುವ ಬುದ್ಧಿ ಮಾತ್ರ ಬರಲಿಲ್ಲ. ತಪ್ಪು ಸಿಗುವವರೆಗೆ ಬಿಡುವ ಜನ ಅಲ್ಲ ಅವನು. ಅದೇ ಅವನಿಗೆ ಮುಳುವಾದದ್ದು.

ಯಾಕೆಂದರೆ ಅಷ್ಟರಲ್ಲಿ ಶ್ರೀವಾಣಿಯ ಗಂಟಲು ಕಟ್ಟತೊಡಗಿತ್ತು.

ಮೊದಲು ಶೀತ ಅಂದುಕೊಂಡರು. ಕಷಾಯವಾಯಿತು, ಉಪ್ಪುನೀರಾಯಿತು. ದಿನದಿಂದ ದಿನಕ್ಕೆ ಸ್ವರ ಇಳಿಯಿತು. ಮೇಲಿನ ಷಡ್ಜ ಹೋಯಿತು, ಪಂಚಮ ಹೋಯಿತು... ಉಪ್ಪಳದ ಡಾಕ್ಟರು ಟಾರ್ಚು ಬಿಟ್ಟು ನೋಡಿ, ಗಂಟಲಲ್ಲಿ ಎಂತದೂ ಇಲ್ಲ, ಮಾತು ಕಡಿಮೆ ಮಾಡಿ ಎಂದರು. ಪಾಠ ನಿಂತಿತು. ಮಕ್ಕಳ ಚಪ್ಪಲಿಗಳಿಲ್ಲದ ಜಗಲಿ ನೋಡಿ ಅವಳು ಅತ್ತಳು. ಅಳುವುದಕ್ಕೂ ಸದ್ದಿರಲಿಲ್ಲ.

"ಎದ್ದಾಗ ಗಂಟಲು ಉರೀತದೆ," ಎಂದು ಒಂದು ಬೆಳಿಗ್ಗೆ ಗಂಡನ ಕಿವಿಯ ಹತ್ತಿರ ಬಂದು ಹೇಳಿದಳು. "ರಾತ್ರಿ ಇಡೀ ಯಾರನ್ನೋ ಕರೆದ ಹಾಗೆ."

ವಿಘ್ನೇಶ ಕೂಡಲೇ ಫೋನು ತೆಗೆದ. ಆ ದಿನ ಸಂಜೆ ಲ್ಯಾರಿಯನ್ನು ಕರೆಸಿದ. ಲ್ಯಾರಿ ಶಾಲೆಯ ಕಾಲದ ಗೆಳೆಯ, ಇಗರ್ಜಿಯ ಪ್ರಾರ್ಥನೆಗೆ ಕೀಬೋರ್ಡು ನುಡಿಸುವವ. ಒಂದು ಸ್ವರ ಎಳ್ಳಷ್ಟು ಜಾರಿದರೂ ಅವನ ಮುಖ ಹುಳಿಯಾಗುತ್ತದೆ. ವಿಘ್ನೇಶ ಏನೂ ವಿವರಿಸದೆ ಹೆಡ್‌ಫೋನ್ ಕೊಟ್ಟ. ಲ್ಯಾರಿ ಕಣ್ಣು ಮುಚ್ಚಿ ಕೇಳಿದ. ಮತ್ತೊಮ್ಮೆ ಹಾಕಿಸಿ ಕೇಳಿದ.

"ಮೊದಲಿನದ್ದು ಶ್ರೀವಾಣಿಯಕ್ಕನ ಸ್ವರ. ಒಳ್ಳೆ ಉಂಟು. ಎರಡನೆಯದ್ದು ಯಾರದ್ದು ಮಾರಾಯ? ಕಟ್ಟಿದ ಗಂಟಲು."

"ಎರಡನೆಯದ್ದು ಪೆಟ್ಟಿಗೆಯದ್ದು. ಅವಳಿಂದ ಹಾಕಿಸಿದ್ದು."

"ಮತ್ತೆ ಮೊದಲಿನದ್ದು?"

ವಿಘ್ನೇಶ ಸುರಂಗದ ಕಡೆ ಬೆರಳು ತೋರಿಸಿದ. ಪೆಟ್ಟಿಗೆಗೆ ತುಂಬಿಸಿದ್ದ ಕೂ ಅವಳ ಗಂಟಲು ಚೆನ್ನಾಗಿದ್ದಾಗಿನದ್ದೇ. ಅದನ್ನು ಯಾರೂ ಮುಟ್ಟಿರಲಿಲ್ಲ. ರೆಕಾರ್ಡು ಮಾಡಿದ ಸ್ವರಕ್ಕೆ ಶೀತ ಆಗುವುದುಂಟಾ?

ಲ್ಯಾರಿ ಹೆಡ್‌ಫೋನನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟ. "ಅದನ್ನು ಇವತ್ತೇ ತೆಗಿ," ಎಂದಷ್ಟೇ ಹೇಳಿ ಬೈಕು ಹತ್ತಿದ.

ಅಷ್ಟರಲ್ಲಿ ಕತ್ತಲಾಗಿತ್ತು. ನಾಳೆ ಬೆಳಕಿನಲ್ಲಿ ಹೋದರೆ ಸಾಕು ಎಂದು ಮಲಗಿದ. ನಿದ್ದೆ ಎಲ್ಲಿಂದ ಬರಬೇಕು? ಒಂದು ರಾತ್ರಿಗೆ ಅವಳದ್ದು ಇನ್ನೆಷ್ಟು ಹೋಗುತ್ತದೋ... ಎದ್ದ. ಅಮ್ಮನನ್ನು ಎಬ್ಬಿಸಿ ಶ್ರೀವಾಣಿಯ ಹತ್ತಿರ ಕೂರಿಸಿದ. ಟಾರ್ಚು ಹಿಡಿದು ಇಳಿದ.

ತೋಟದಲ್ಲಿ ಗಾಳಿ ಇಲ್ಲ. ಪೆಟ್ಟಿಗೆಯ ಮುಚ್ಚಳ ತೆಗೆದು ಬ್ಯಾಟರಿ ಕಿತ್ತ. ಕಿಟ್ ಎಂದಿತು. ಸಣ್ಣ ಹಸಿರು ಬೆಳಕು ಆರಿತು. ಕೈಯಲ್ಲಿ ಈಗ ಬರೀ ಪ್ಲಾಸ್ಟಿಕ್ಕು.

ಆಗ ಗೊತ್ತಾಯಿತು... ಸುರಂಗದ ನೀರಿನ ಸದ್ದೂ ಇಲ್ಲ.

"ಕೂ..."

ಸುರಂಗದ ಒಳಗಿನಿಂದ. ತುಂಬಿದ, ತಾಜಾ ಸ್ವರ. ಮದುವೆಗೆ ಮೊದಲು ಅವನು ಕೇಳಿದ ಸ್ವರ.

"ಕೂ..."

ಎರಡಾಯಿತು. ಇನ್ನು ಇಲ್ಲ, ಅಮ್ಮ ಹೇಳಿದ್ದಾರೆ, ಇನ್ನು ಕರೆಯುವುದಿಲ್ಲ. ಉಸಿರು ಬಿಗಿಹಿಡಿದು ನಿಂತ. ಎಲ್ಲಿಯೋ ನಾಯಿ ಬೊಗಳಿ ಸುಮ್ಮನಾಯಿತು.

"ಕೂ..."

ಮೂರನೆಯದ್ದು. ಸುರಂಗದ ಬಾಯಿಯಲ್ಲೇ.

ಅವನ ಬಾಯಿ ತನ್ನಷ್ಟಕ್ಕೆ ತೆರೆಯಿತಂತೆ. ಹೆಂಡತಿ ಕರೆದರೆ ಗಂಡ ಓಗೊಡದೆ ಇರುತ್ತಾನಾ? ಪೆಟ್ಟಿಗೆಯನ್ನು ಬಾಯಿಗೆ ಒತ್ತಿ ಹಿಡಿದುಕೊಂಡು ಓಡಿದ. ಟಾರ್ಚು ಅಲ್ಲೇ ಬಿತ್ತು. ಮನೆಯ ಮೆಟ್ಟಿಲು ಹತ್ತುವವರೆಗೆ ಹಿಂದೆ ನೋಡಲಿಲ್ಲ.

ಶ್ರೀವಾಣಿ ಮಲಗಿದ್ದಳು. ಚಿಕ್ಕಮ್ಮನ ಕೈ ಅವಳ ಹಣೆಯ ಮೇಲಿತ್ತು.

"ಮೂರು ಸಲ ಬಾಯಿ ತೆರೆದಳು," ಎಂದರು ಮೆಲ್ಲಗೆ. "ನಿದ್ದೆಯಲ್ಲೇ. ಸ್ವರ ಹೊರಡಲಿಲ್ಲ."

"ನಾನು ಓಗೊಡಲಿಲ್ಲ ಅಮ್ಮಾ."

"ಇನ್ನು ಮುಂದೆಯೂ ಬೇಡ."

ಬೆಳಿಗ್ಗೆ ಪೆಟ್ಟಿಗೆಯನ್ನು ಸುತ್ತಿಗೆಯಿಂದ ಪುಡಿ ಮಾಡಿದ. ಕಂಪ್ಯೂಟರಿನಲ್ಲಿದ್ದ ಕೂಗುಗಳನ್ನೆಲ್ಲ ಅಳಿಸಿದ. ಕಪ್ಪೆಯ ತಾಳವನ್ನೂ ಬಿಡಲಿಲ್ಲ. ಮರಗೆಣಸನ್ನು ಹಂದಿ ತಿಂದಿತು, ತಿನ್ನಲಿ ಎಂದ. ಶ್ರೀವಾಣಿಯ ಸ್ವರ ಬಂತು. ಒಮ್ಮೆಗೇ ಅಲ್ಲ, ಹೋದ ಹಾಗೆಯೇ ಒಂದೊಂದು ಮೆಟ್ಟಿಲಾಗಿ. ಈಗ ಪಾಠ ಮತ್ತೆ ಶುರುವಾಗಿದೆ, ಜಗಲಿ ತುಂಬ ಚಪ್ಪಲಿ.

ಇದನ್ನೆಲ್ಲ ಮೊದಲು ನಂಬದವ ನಾನೇ. ನಿದ್ದೆಗೆಟ್ಟವರ ಕಲ್ಪನೆ ಎಂದು ವಿಘ್ನೇಶನಿಗೆ ತಮಾಷೆ ಮಾಡಿದ್ದೆ. ಕಳೆದ ಬೇಸಗೆಯಲ್ಲಿ ಅಲ್ಲಿಗೆ ಹೋದಾಗ ಶ್ರೀವಾಣಿಯೇ ಕರೆದಳು. "ಬನ್ನಿ ಭಾವ, ಒಂದು ತೋರಿಸ್ತೇನೆ."

ಹಾಡುಹಗಲು. ಸುರಂಗದ ಬಾಯಿಯಲ್ಲಿ ಇಬ್ಬರೂ ನಿಂತೆವು. ನಾನು ಕೂ ಹಾಕಿದೆ. ಒಳಗೆ ಹೋಗಿ, ಕಲ್ಲಿಗೆ ತಾಗಿ, ದಪ್ಪಗಾಗಿ ನನ್ನದೇ ಕೂ ತಿರುಗಿ ಬಂತು. ಆಮೇಲೆ ಅವಳು ಹಾಕಿದಳು. ನನ್ನ ಕಿವಿ ಗುಂಯ್ ಎನ್ನುವಷ್ಟು ಗಟ್ಟಿಯಾಗಿ. ಕಾದೆವು... ಟಪ್... ಟಪ್...

"ಹೋಗುವ," ಎಂದಳು.

ನಂಬುವುದು ಬಿಡುವುದು ನಿಮ್ಮಿಷ್ಟ. ಆದದ್ದು ಆದದ್ದೇ, ನಾನು ಪಕ್ಕದಲ್ಲೇ ನಿಂತಿದ್ದೆ. ನನ್ನದು ತಿರುಗಿ ಬಂತು. ಅವಳದ್ದು ಬರಲಿಲ್ಲ.