ಮೂವತ್ತು ವರ್ಷದ ಏಕಕೇಂದ್ರತೆ

ಕಣ್ಣಿನ ಆಸ್ಪತ್ರೆಯಲ್ಲಿ ಸರದಿ ಕಾಯುತ್ತ ಮಗನ ಅಂಗಿಗೆ ಗುಂಡಿ ಹೊಲಿಯುತ್ತಿದ್ದ ತಾಯಿಯೊಬ್ಬಳ ಕಿವಿಗೆ, ಬೇಡವೆಂದರೂ ಪಕ್ಕದ ಬೆಂಚಿನ ಮಾತು ಬೀಳುತ್ತಿತ್ತು. ಕಾರ್ಖಾನೆಯಿಂದ ನಿವೃತ್ತರಾದ ಅಪ್ಪ, ಅದೇ ಕಾರ್ಖಾನೆಯಲ್ಲಿ ಯಂತ್ರಭಾಗಗಳ ಡ್ರಾಯಿಂಗ್ ಬರೆಯುವ ಮಗಳು.

“ನಲವತ್ತು ಶಾಫ್ಟ್ ತಪಾಸಣೆ ದಾಟದೆ ನಿಂತುಬಿಟ್ಟಿವೆ ಅಪ್ಪ. ಎರಡೂ ತುದಿಯ ಕೇಂದ್ರ ಒಂದೇ ಗೆರೆ ಮೇಲಿರಬೇಕು ಅಂತ ಏಕಕೇಂದ್ರತೆ ಬರೆದಿದ್ದೆ. ಕಣ್ಣಿಗೆ ಕಾಣದ ಆ ಕೇಂದ್ರನ ಅಳೆಯೋಕೆ ಯಾರಿಗೂ ಆಗ್ತಿಲ್ಲ. ಇವತ್ತು ಸಂಜೆಯೊಳಗೆ ಏನಾದ್ರೂ ಮಾಡ್ದೆ ಹೋದ್ರೆ ಎಲ್ಲಾ ಗುಜರಿಗೆ.”

“ಹಾಗೆ ಬರಿ ಅಂದೋರ್ಯಾರು?”

“ನಿಮ್ಮ ಸಹಿ ಇರೋ ಹಳೇ ಡ್ರಾಯಿಂಗ್ ನೋಡ್ಕೊಂಡೇ ಬರೆದಿದ್ದು. ಅದರ ಬದಲು ರನ್‌ಔಟ್ ಅಳತೆ ಅಂತ ತಿದ್ದಿದ್ರೆ ಮುಗೀತು. ಶಾಫ್ಟ್ ತಿರುಗಿಸಿ, ಅದಕ್ಕೆ ತಾಗಿಸಿಟ್ಟ ಡಯಲ್ ಮುಳ್ಳು ಎಷ್ಟು ಅಲ್ಲಾಡುತ್ತೆ ಅಂತ ನೋಡಿದ್ರಾಯ್ತು.”

“ರನ್‌ಔಟ್ ಸೋಮಾರಿಗಳ ಅಳತೆ ಕಣೇ! ಮೂವತ್ತು ವರ್ಷ ತಪಾಸಣೆ ಮಾಡಿದೀನಿ, ಏಕಕೇಂದ್ರತೆ ಸರಿಯಿಲ್ದೆ ಒಂದಕ್ಕೂ ಸಹಿ ಹಾಕಿಲ್ಲ.”

“ಅದನ್ನ ಹೇಗೆ ಅಳೀತಿದ್ರಿ?”

ಅಪ್ಪ ಕನ್ನಡಕ ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. ಪಕ್ಕದಲ್ಲಿ ಗುಂಡಿ ಹೊಲಿಯುತ್ತಿದ್ದ ತಾಯಿಯ ಸೂಜಿಯೂ ನಿಂತಿತು.

“ಡಯಲ್ ಇಟ್ಟು... ತಿರುಗಿಸ್ತಿದ್ವಿ.”

“ಅಪ್ಪಾ! ಅದೇ ಅಲ್ವಾ ರನ್‌ಔಟ್?”

“ಒಂದಾದ್ರೂ ಶಾಫ್ಟ್ ವಾಪಸ್ ಬಂತಾ ಹೇಳು?”

ದಾದಿ ಅವರ ಸಂಖ್ಯೆ ಕೂಗಿದಳು. ಅಪ್ಪ ಎದ್ದರು.

“ತಿದ್ದಿಬಿಡು. ಆದ್ರೆ ಅಪ್ಪ ಹೇಳಿದ್ರು ಅನ್ನಬೇಡ.”

“ಇಲ್ಲ, ಅಪ್ಪ ಮಾಡ್ತಿದ್ದಿದ್ದೇ ಅದು ಅಂತೀನಿ,” ಎನ್ನುತ್ತ ಮಗಳು ಫೋನ್ ತೆಗೆದು ಅವರ ಹಿಂದೆಯೇ ಒಳಗೆ ಹೋದಳು.